ಲೇಬರ್ ಎಂದರೆ ಯಾರು?



ಈಚೆಗೆ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಮಸ್ಕಿಯ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ರೈತರೊಬ್ಬರು ಮೊಬೈಲಿನಲ್ಲಿ, "ನಾಳೆ ನಾಟಿಗೆ ಇಪ್ಪತ್ತು ಲೇಬರ್ ಬೇಕ್ರಿ, ಗಾಡಿ ಕಳಸ್ತೀನಿ" ಎನ್ನುತ್ತಿದ್ದರು. ಧ್ವನಿಯಲ್ಲಿ ತಿರಸ್ಕಾರವೇನೂ ಇರಲಿಲ್ಲ. ಇಪ್ಪತ್ತು ಚೀಲ ಗೊಬ್ಬರ ಬೇಕು ಎಂದಂತೆ ಇತ್ತು, ಅಷ್ಟೆ.

ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ಈ ಪದದಲ್ಲಿ ‘ಯು’ ಅಕ್ಷರ ಬಿಟ್ಟವರಿಗೆ ಕೆಂಪು ಗೆರೆ ಎಳೆದದ್ದು ನಿಮಗೆ ನೆನಪಿರಬಹುದು. ಅಮೆರಿಕದವರು ಅದನ್ನು ಬಿಟ್ಟೇ ಬರೆಯುತ್ತಾರೆಂದು ಮಾತ್ರ ನಿಮಗೆ ಹೇಳಲಿಲ್ಲ! ಲ್ಯಾಟಿನ್ ಮೂಲದಲ್ಲಿ ಅದಕ್ಕೆ ದುಡಿಮೆ, ಕಷ್ಟ ಎಂಬ ಅರ್ಥ. ಹರ್ಕ್ಯುಲಿಸನ ಹನ್ನೆರಡು ಸಾಹಸಗಳೂ ಲೇಬರ್. 1945ರಲ್ಲಿ ಚರ್ಚಿಲ್ಲರನ್ನು ಸೋಲಿಸಿದ ಪಕ್ಷವೂ ಲೇಬರ್. ಹೆರಿಗೆಯ ಬೇನೆಯೂ ಲೇಬರ್. ತುಂಗಭದ್ರಾ ಎಡದಂಡೆ ಕಾಲುವೆಯ ಕೆಸರುಗದ್ದೆಯಲ್ಲಿ ಬಸುರಿಯಾಗಿ ಬಾಗಿ ಸಸಿ ಹಚ್ಚುವಾಗ ಲೇಬರ್ ಎನಿಸಿಕೊಂಡ ಹೆಣ್ಣುಮಗಳು, ದಿನ ತುಂಬಿದಾಗ ಲೇಬರ್ ರೂಮಿಗೆ ಹೋಗುತ್ತಾಳೆ. ಎರಡೂ ಕಡೆ ಅವಳ ಹೆಸರನ್ನು ಕೂಗುವವರು ಕಡಿಮೆ.

ನಮ್ಮ ‘ಆಳು’ ಎಂಬ ಪದವೂ ಸೋಜಿಗದ್ದೇ. ಕ್ರಿಯಾಪದವಾದರೆ ಅರಸನ ಕೆಲಸ, ನಾಮಪದವಾದರೆ ಸೇವಕನ ಹೆಸರು. ಆದರೂ ಒಂದಾಳು ಎಂದಾಗ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಇನ್ನು ‘ಕಾಯಕ’ದ ಮಾತೇ ಬೇರೆ. ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯನ ಕೆಲಸ ಬಿದ್ದ ಅಕ್ಕಿಯನ್ನು ಆಯುವುದು. ಒಂದು ದಿನ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳಂತೆ. ಆ ಕೆಲಸವೇ ಅವನ ಹೆಸರಿನ ಮುಂದೆ ಗೌರವದಿಂದ ಕುಳಿತು ಇಂದಿಗೂ ಉಳಿದಿದೆ.

ಆ ರೈತರನ್ನು ದೂರಲು ನನಗೆ ಹಕ್ಕಿಲ್ಲ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ ಎಂಬ ಕಲಂ ಇರುತ್ತಿತ್ತು. ಹಟ್ಟಿಯ ಚಿನ್ನದ ಗಣಿಯೊಳಗೆ ಬಂಡೆ ಕೊರೆಯುವವರು, ಮಸ್ಕಿಯ ಕಡೆಯ ಕಲ್ಲುಕುಟಿಗರು, ಬಾವಿ ತೋಡುವವರು, ಎಲ್ಲರಿಗೂ ‘ಲೇಬರ್’ ಎಂದು ಬರೆದುಬಿಡುತ್ತಿದ್ದೆ. ಬರೆಯಲು ಸುಲಭ, ಚೌಕವೂ ಚಿಕ್ಕದು. ಒಮ್ಮೆ ಒಬ್ಬ ಹುಡುಗ, "ಸರ್, ನಮ್ಮಪ್ಪ ಬಾವಿಗೆ ಕಲ್ಲು ಕಟ್ತಾನ್ರಿ" ಎಂದ. "ಅದೂ ಅದೇ ಕಣಪ್ಪಾ" ಎಂದು ಪುಟ ತಿರುವಿದೆ. ಅವನ ಮುಖ ನೋಡಲಿಲ್ಲ.

1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನ ‘ದೇವಾನಾಂಪ್ರಿಯ’ನೇ ಅಶೋಕನೆಂಬುದನ್ನು ಜಗತ್ತಿಗೆ ತಿಳಿಸಿತು. ಬ್ರಹ್ಮಗಿರಿಯ ಶಾಸನದಲ್ಲಾದರೆ ಲಿಪಿಕಾರ ಚಪಡ ತನ್ನ ಹೆಸರನ್ನೂ ಬರೆದುಕೊಂಡಿದ್ದಾನೆ. ಮಸ್ಕಿಯ ಬಂಡೆಯಲ್ಲಿ ಉಳಿ ಹಿಡಿದವನ ಹೆಸರಿಲ್ಲ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅರಸನ ಹೆಸರನ್ನಷ್ಟೇ ಪಾಠ ಮಾಡಿದೆ.

ಆದ್ದರಿಂದ ಈಗ ಮಾಸ್ತರರಾಗಿರುವ, ಕಚೇರಿಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ: ಆ ಕಲಂ ತುಂಬುವ ಮುನ್ನ ಏನು ಕೆಲಸ ಎಂದು ಕೇಳಿರಿ. ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಅರ್ಜಿ ತುಂಬಿಸಲು ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. "ಲೇಬರ್ ಅಂತ ಬರೀರಿ ಸರ್" ಎಂದು ತಾನೇ ಹೇಳಿದ. ಬಿಡದೆ ಕೇಳಿದೆ. ಸ್ಲ್ಯಾಬಿಗೆ ಕಬ್ಬಿಣ ಕಟ್ಟುತ್ತಾನಂತೆ; ನಕ್ಷೆ ನೋಡಿ ಸರಳು ಎಷ್ಟು ಬೇಕೆಂದು ತಾನೇ ಲೆಕ್ಕ ಹಾಕುತ್ತಾನಂತೆ. ಹಾಗೆಯೇ ಬರೆದೆ. ಅಕ್ಷರಗಳು ಚೌಕ ದಾಟಿ ಪಕ್ಕದ ಕಲಮಿಗೆ ಹೋದವು.