ರಾಕ್ ಬೇರೆ, ಕಂಟ್ರಿ ಬೇರೆ ಅನ್ನೋರಿಗೆ...

ಮೊನ್ನೆ ಆಫೀಸಲ್ಲಿ ಊಟ ಮಾಡುವಾಗ ಗೆಳೆಯನೊಬ್ಬ, "ರಾಕ್ ಕೇಳೋನು ಕಂಟ್ರಿ ಹೇಗೋ ಕೇಳ್ತೀಯ? ಅದು ದನ ಕಾಯೋರ ಹಾಡು" ಅಂದ. ಅಲ್ಲ ಮಾರಾಯ, ಎರಡೂ ಒಂದೇ ಮನೆಯ ಮಕ್ಕಳು ಕಣೋ!

1954ರಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಹೊರತಂದ ಎಲ್ವಿಸ್ ಪ್ರೀಸ್ಲಿಯ ಮೊದಲ ರೆಕಾರ್ಡನ್ನೇ ನೋಡಿ. ಒಂದು ಬದಿಗೆ ಕಪ್ಪು ಗಾಯಕ ಆರ್ಥರ್ ಕ್ರುಡಪ್‌ನ ಬ್ಲೂಸ್, ಇನ್ನೊಂದು ಬದಿಗೆ ಬಿಳಿಯ ಬಿಲ್ ಮನ್ರೋನ ಬ್ಲೂಗ್ರಾಸ್. ಮರುವರ್ಷ ಚಕ್ ಬೆರ್ರಿ 'ಮೇಬಲೀನ್' ಕಟ್ಟಿದ್ದು 'ಐಡಾ ರೆಡ್' ಎಂಬ ಹಳೇ ಪಿಟೀಲು ಹಾಡಿನ ಮೇಲೆ. ಕಂಟ್ರಿಯವರು ತಲೆ ಮೇಲೆ ಹೊತ್ತು ಮೆರೆಸುವ ಹ್ಯಾಂಕ್ ವಿಲಿಯಮ್ಸ್‌ಗೆ ಗಿಟಾರ್ ಹೇಳಿಕೊಟ್ಟವನು ರೂಫಸ್ ಪೇನ್ ಎಂಬ ಕಪ್ಪು ಬೀದಿ ಗಾಯಕ. ಬ್ಯಾಂಜೋ? ಅದರ ಬೇರು ಆಫ್ರಿಕಾದಲ್ಲಿದೆ, ಗುಲಾಮರ ಜೊತೆ ಬಂದದ್ದು.

ಹಾಗಾದ್ರೆ ಬೇರೆ ಮಾಡಿದ್ದು ಯಾರು? ರೆಕಾರ್ಡ್ ಕಂಪನಿಗಳು ಸ್ವಾಮಿ! 1920ರ ದಶಕದಲ್ಲಿ ಕಪ್ಪು ಜನರ ಹಾಡಿಗೆ 'ರೇಸ್', ಬಿಳಿ ಹಳ್ಳಿಗರ ಹಾಡಿಗೆ 'ಹಿಲ್‌ಬಿಲಿ' ಅಂತ ಚೀಟಿ ಅಂಟಿಸಿ ಮಾರಿದರು. ಚರ್ಮ ನೋಡಿ ಹಾಡಿನ ಜಾತಿ ಬರೆದರು. ಅದಿನ್ನೂ ಅಳಿಸಿಲ್ಲ. 2019ರಲ್ಲಿ ಕಪ್ಪು ಹುಡುಗ ಲಿಲ್ ನಾಸ್ ಎಕ್ಸ್‌ನ ಹಾಡನ್ನು ಬಿಲ್‌ಬೋರ್ಡ್, ಇವತ್ತಿನ ಕಂಟ್ರಿಯ ಲಕ್ಷಣ ಸಾಲದು ಅಂತ ಕಂಟ್ರಿ ಪಟ್ಟಿಯಿಂದ ಎತ್ತಿಹಾಕಿತು.

ನನ್ನ ಕಂಪ್ಯೂಟರಲ್ಲೂ ಇವೆರಡಕ್ಕೆ ಬೇರೆ ಬೇರೆ ಫೋಲ್ಡರ್ ಇದ್ದವು. ನಿನ್ನೆ ರಾತ್ರಿ ಒಂದೇ ಮಾಡಿದೆ. ನೀವೇನಂತೀರಿ?