ಬೆಳ್ಳಿಯನ್ನೇ ಡ್ರೋನ್ ಅಂದುಕೊಂಡಾಗ

ಹನೂರು ತಾಲ್ಲೂಕಿನ ಅಜ್ಜೀಪುರದ ಸುತ್ತಮುತ್ತ, ಆನೆ–ಹಂದಿಗಳಿಂದ ಫಸಲು ಉಳಿಸಿಕೊಳ್ಳಲು ಹೊಲದಲ್ಲೇ ರಾತ್ರಿ ಕಳೆಯುವ ರೈತರಿಗೆ ಬೆಳ್ಳಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಅದು ಮೂಡಣದಲ್ಲಿ ಕಂಡಿತೆಂದರೆ ಕಾವಲು ಮುಗಿಯುವ ಹೊತ್ತಾಯಿತೆಂದೇ ಲೆಕ್ಕ. ಇದೇ ಬೆಳ್ಳಿ, ಅಂದರೆ ಶುಕ್ರಗ್ರಹ, ಒಮ್ಮೆ ನಮ್ಮ ಸೇನೆಯ ನಿದ್ದೆಗೆಡಿಸಿತ್ತು.

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್‌ನ ಚೀನಾ ಗಡಿ ಕಾಯುತ್ತಿದ್ದ ಸೈನಿಕರು, ಸರೋವರವೊಂದರ ಮೇಲೆ ಗುರುತು ಸಿಗದ ಬೆಳಕುಗಳನ್ನು 329 ಬಾರಿ ಕಂಡುದಾಗಿ ಬರೆದಿಟ್ಟರು. 155 ಬಾರಿ ಅವು ಗಡಿ ದಾಟಿ ಒಳಬಂದವೆಂದೂ ದಾಖಲಿಸಿದರು. ಒಂದು ಬೆಳಕು ಸಂಜೆ ಆರರ ಸುಮಾರಿಗೆ ಬರುತ್ತಿತ್ತು, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ. ಚೀನಾದ ಬೇಹುಗಾರಿಕೆ ಡ್ರೋನ್‌ಗಳೇ ಇರಬೇಕೆಂಬ ಅನುಮಾನ. ಕೊನೆಗೆ ಪ್ರಶ್ನೆ ಬಂದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಬಾಗಿಲಿಗೆ. ಲಡಾಖ್‌ನ ಹಾನ್ಲೆಯಲ್ಲಿ ದೂರದರ್ಶಕ ಇಟ್ಟುಕೊಂಡಿರುವುದೂ ಇದೇ ಸಂಸ್ಥೆ.

ವಿಜ್ಞಾನಿಗಳು ನೋಡಿದ್ದು ಸರಳ ಸಂಗತಿ. ಆ ಬೆಳಕುಗಳು ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಸರಿಯುತ್ತಿವೆ? ಡ್ರೋನ್ ತನ್ನಿಷ್ಟದಂತೆ ತಿರುಗುತ್ತದೆ. ಗ್ರಹವಾದರೆ ನಕ್ಷತ್ರಗಳ ಜೊತೆಜೊತೆಗೇ ಮೂಡಿ, ಅವುಗಳ ಜೊತೆಗೇ ಮುಳುಗಬೇಕು. ಇವು ನಕ್ಷತ್ರಗಳ ಜೊತೆಗೇ ಸಾಗುತ್ತಿದ್ದವು. ಒಂದು ಗುರು, ಇನ್ನೊಂದು ಶುಕ್ರ.

ಸುದ್ದಿ ಹೊರಬಿದ್ದಾಗ ನಕ್ಕವರೇ ಹೆಚ್ಚು. ನಗುವ ವಿಷಯ ಇದಲ್ಲ. ಕತ್ತಲಲ್ಲಿ ಕಾಣುವ ಒಂಟಿ ಚುಕ್ಕೆ ಎಷ್ಟು ದೂರದಲ್ಲಿದೆ ಎಂದು ಹೇಳಲು ಮನುಷ್ಯನ ಕಣ್ಣಿಗೆ ದಾರಿಯೇ ಇಲ್ಲ. ಪಕ್ಕದಲ್ಲಿ ಅಳತೆಗೆ ಸಿಗುವ ಮರವೋ ಮನೆಯೋ ಇರುವುದಿಲ್ಲ. ನಾಲ್ಕು ಕಿಲೋಮೀಟರ್ ಆಚೆಯ ದೀಪವೂ ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹವೂ ಕಣ್ಣಿಗೆ ಒಂದೇ. ಅದನ್ನೇ ದಿಟ್ಟಿಸುತ್ತಾ ಕೂತರೆ ನಿಂತ ಚುಕ್ಕೆ ಅತ್ತಿತ್ತ ಜರುಗಿದಂತೆಯೂ ಕಾಣುತ್ತದೆ. ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ಇನ್ನೂ ಪ್ರಖರ. ಗಡಿಯಲ್ಲಿ ನಿಂತವನ ತಲೆಯಲ್ಲಿರುವುದು ಡ್ರೋನ್, ಕಂಡದ್ದೂ ಡ್ರೋನೇ. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಕೊಳ್ಳಿದೆವ್ವ ಆಗಿರುತ್ತಿತ್ತು, ಅಷ್ಟೇ ವ್ಯತ್ಯಾಸ.

ಪೈಲಟ್‌ಗಳು, ನಾವಿಕರು ಹೇಳಿದರೆ ನಂಬಬಹುದಲ್ಲವೇ ಎಂದು ಕೇಳುವವರಿದ್ದಾರೆ. ಅವರು ಸುಳ್ಳು ಹೇಳುವುದಿಲ್ಲ ಎಂಬುದನ್ನು ಖಂಡಿತ ನಂಬಬಹುದು. ಆದರೆ ಅವರದೂ ನಮ್ಮದೇ ಕಣ್ಣು. 2022ರಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರುತ್ತಿದ್ದ ಪ್ರಯಾಣಿಕ ವಿಮಾನಗಳ ಪೈಲಟ್‌ಗಳು ವಿಚಿತ್ರ ಬೆಳಕುಗಳನ್ನು ವರದಿ ಮಾಡಿದರು. ಲೆಕ್ಕ ಹಾಕಿ ನೋಡಿದಾಗ ಅವು ಸ್ಟಾರ್‌ಲಿಂಕ್ ಉಪಗ್ರಹಗಳು. 2021ರ ಡಿಸೆಂಬರ್‌ನಲ್ಲಿ ನಮ್ಮ ಕರಾವಳಿಯವರು ಬೆರಗಾಗಿ ನೋಡಿದ ಸಾಲುದೀಪವೂ ಅವೇ. ಮಾದಪ್ಪನ ಬೆಟ್ಟದ ತುದಿಯಲ್ಲಿ ಇನ್ನೂ ಬಿಸಿಲಿರುವಾಗ ಕೆಳಗಿನ ಕಣಿವೆಗೆ ಕತ್ತಲು ಇಳಿದಿರುತ್ತದಲ್ಲ, ಹಾಗೆಯೇ ನಮಗೆ ರಾತ್ರಿಯಾದ ಮೇಲೂ ನೂರಾರು ಕಿಲೋಮೀಟರ್ ಎತ್ತರದ ಉಪಗ್ರಹದ ಮೇಲೆ ಬಿಸಿಲು ಬಿದ್ದು ಅದು ಹೊಳೆಯುತ್ತಿರುತ್ತದೆ.

ಹಾಗೆಂದು ಎಲ್ಲವೂ ಬಗೆಹರಿದಿಲ್ಲ. ಅಮೆರಿಕ ಸರ್ಕಾರ 2021ರ ಜೂನ್‌ನಲ್ಲಿ ಗುರುತು ಸಿಗದ ಹಾರುವ ವಸ್ತುಗಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ, ಬಹುಪಾಲು ನೌಕಾಪಡೆಯಿಂದ ಬಂದ 144 ಪ್ರಕರಣಗಳ ಪೈಕಿ ಖಚಿತ ಉತ್ತರ ಸಿಕ್ಕಿದ್ದು ಒಂದಕ್ಕೆ: ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಉಳಿದ 143 ಅನ್ಯಲೋಕದವರು ಎಂದು ಅರ್ಥವಲ್ಲ. ತೀರ್ಮಾನಕ್ಕೆ ಬೇಕಾದಷ್ಟು ಮಾಹಿತಿ ಇಲ್ಲ ಎಂದರ್ಥ. ನಗೆಪಾಟಲಾಗುವ ಭಯಕ್ಕೆ ಪೈಲಟ್‌ಗಳು ಬಾಯಿ ಬಿಡುವುದಿಲ್ಲ ಎಂಬುದನ್ನೂ ಅದೇ ವರದಿ ಒಪ್ಪಿಕೊಂಡಿತು. ಇಂಫಾಲದಲ್ಲಿ 2023ರ ನವೆಂಬರ್ 19ರಂದು ವಿಮಾನ ನಿಲ್ದಾಣದ ಬಳಿ ಏನೋ ಹಾರುತ್ತಿದೆಯೆಂದು ವಿಮಾನ ಸಂಚಾರವನ್ನೇ ನಿಲ್ಲಿಸಿದರು, ರಫೇಲ್ ಯುದ್ಧವಿಮಾನಗಳು ಹುಡುಕಲು ಹೊರಟವು. ಅದು ಸರಿಯಾದ ಕ್ರಮವೇ. ಆಕಾಶದಲ್ಲಿ ಗುರುತಿಲ್ಲದ್ದು ಏನೇ ಇರಲಿ, ವಿಮಾನಕ್ಕೆ ಅದು ಅಪಾಯ.

ಸಾಮಾನ್ಯರ ಕೈಲಿ ಆಗುವುದೂ ಒಂದಿದೆ. ಅಜ್ಜೀಪುರದಲ್ಲಿ ನೆತ್ತಿಯ ಮೇಲೆಯೇ ಏನೋ ಬೆಳಗುತ್ತಿದೆ ಎನ್ನಿ. ಮೊಬೈಲ್ ನೋಡಿ ಹೊತ್ತು ಬರೆದುಕೊಂಡು, ಯಳಂದೂರಿನ ನೆಂಟರಿಗೊಂದು ಫೋನ್ ಮಾಡಿ. ಅದು ನಿಜಕ್ಕೂ ಡ್ರೋನೋ ವಿಮಾನವೋ ಆಗಿದ್ದರೆ, ಪಶ್ಚಿಮಕ್ಕಿರುವ ಯಳಂದೂರಿನವರಿಗೆ ಅದು ಪೂರ್ವದ ಅಂಚಿನಲ್ಲಿ ಕಂಡೀತು, ಇಲ್ಲವೇ ಕಾಣದೇ ಹೋದೀತು. ಅವರಿಗೂ ನೆತ್ತಿಯ ಮೇಲೆಯೇ ಕಂಡಿತೋ, ಅದು ಅಜ್ಜೀಪುರದ್ದೂ ಅಲ್ಲ, ಯಳಂದೂರಿನದ್ದೂ ಅಲ್ಲ, ಬಲು ದೂರದ್ದು.