ಗಾಡಿಗೊಂದು ಗಟ್ಟಿ ತೊಗಲು
ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ಕೆಲವರು ಮಾಮೂಲಿ ಪೇಂಟ್ ಬಿಟ್ಟು, ಪಿಕಪ್ ಟ್ರಕ್ಕಿನ ತೊಟ್ಟಿಗೆ ಬಳಿಯುವ ಬೆಡ್ ಲೈನರನ್ನೇ ಗಾಡಿಯ ಮೈಗೆಲ್ಲ ಹಚ್ಚಿಸುತ್ತಾರೆ. ಪಾಲಿಯುರೆಥೇನ್‌ನ ಈ ದಪ್ಪ ಲೇಪ ಆರಿದ ಮೇಲೆ ಹಲಸಿನ ಸಿಪ್ಪೆಯಂತೆ ಒರಟು. ಚನ್ನರಾಯನದುರ್ಗ ಬೆಟ್ಟದ ಬುಡದಲ್ಲಿ ಜಾಲಿಮುಳ್ಳು ಗೀಚಿದರೂ, ಜಲ್ಲಿಕಲ್ಲು ಸಿಡಿದರೂ ಸುಲಭಕ್ಕೆ ಜಗ್ಗದು. ಗುಣ ಹೊಗಳಿದ್ದಾಯಿತು, ಇನ್ನು ಗೋಳು ಕೇಳಿ. ಪಾವಗಡದಲ್ಲಿ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಕಟ್ಟಿಸಿದ ಬಿಸಿಲು ನಮ್ಮದು; ಕಪ್ಪು ಲೇಪದ ವ್ಯಾನಿನೊಳಗೆ ಮಧ್ಯಾಹ್ನ ಮಲಗಿದವನು ಹಂಚಿನ ಮೇಲಿನ ರೊಟ್ಟಿ. ಒರಟು ಮೈಯಲ್ಲಿ ಕೂತ ಕೆಮ್ಮಣ್ಣಿನ ಧೂಳು ಬಟ್ಟೆಗೆ ಬಗ್ಗದು, ಬ್ರಷ್ಷಿನಿಂದಲೇ ಉಜ್ಜಬೇಕು. ಹಳೆಯ ತುಕ್ಕು ಕೆರೆದು, ಎಮರಿ ಕಾಗದದಿಂದ ತಿಕ್ಕಿ, ಜಿಡ್ಡು ತೆಗೆಯದೆ ಬಳಿದರಂತೂ ಮೇಲೆ ಕೋಟೆಗೋಡೆಯ ಭದ್ರತೆ, ಒಳಗೊಳಗೇ ತುಕ್ಕು ತಗಡು ತಿನ್ನುತ್ತಿರುತ್ತದೆ. ಬೇಡವೆಂದು ಕಿತ್ತುಹಾಕುವುದೂ ಹರಸಾಹಸ. ಗಾಡಿಯ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಕೆಎ 64ರ ಗಾಡಿಯಾದರೆ ಮೊದಲು ಮಧುಗಿರಿಯ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ನನ್ನ ಮಾತು ಕೇಳುವುದಾದರೆ, ಕಿಟಕಿಯಿಂದ ಕೆಳಕ್ಕೆ ಲೇಪ, ಮೇಲಕ್ಕೆ ಬಿಳಿ ಪೇಂಟ್: ಮುಳ್ಳಿಗೂ ಉತ್ತರ, ಬಿಸಿಲಿಗೂ ಉತ್ತರ.